ಏಳು ಕೆಜಿ

ಆಲೂಗಡ್ಡೆ ಮಂಡಿಯ ತೂಕದ ಯಂತ್ರದ ಮೇಲೆ
ನನ್ನ ಬ್ಯಾಗು ಕೂತಿದೆ. ಹೊಸದು, ನೇರಳೆ ಬಣ್ಣ.
ಒಂಬತ್ತು ಕೆಜಿ ನಾನೂರು ಗ್ರಾಂ.
ಹಮಾಲಿ ಸಿದ್ದಪ್ಪಾಜಿ ಬೀಡಿ ಕಿವಿಗೆ ಸಿಕ್ಕಿಸಿ ಹೇಳಿದ:
"ಮಣ್ಣು ಕಳೀರಿ ಅಕ್ಕ, ಚೀಲಕ್ಕೆ ಎರಡು ಕೆಜಿ."
ಇಪ್ಪತ್ತಾರು ವರ್ಷದಿಂದ ಇದೇ ಕುರ್ಚಿಯಲ್ಲಿ ಕೂತು
ನಾನು ರೈತರಿಗೆ ಹೇಳುತ್ತ ಬಂದ ಮಾತು.

ಏಳೇ ಅಂತೆ, ಕೈಯಲ್ಲಿ ಹಿಡಿದು ಹತ್ತುವುದಕ್ಕೆ.
ವಿಮಾನದ ಹೊಟ್ಟೆಗೆ ಹಾಕಿದರೆ ಬೇರೆ ದುಡ್ಡು.
ನಾವು ಕೊಟ್ಟಿಲ್ಲ. ಚೀಟಿ ಎತ್ತಿ ಹೊರಟವರು ಮೂವರು:
ನಾನು, ಟೈಲರ್ ಜರೀನಾ, ದೊಡ್ಡಾಸ್ಪತ್ರೆಯ ಲಿಲ್ಲಿ ಸಿಸ್ಟರು.
ವಿಯೆಟ್ನಾಂ. ಆರು ರಾತ್ರಿ.
ಅಲ್ಲಿಗೇ ಯಾಕೆ ಎಂದವರಿಗೆ ಜರೀನಾಳ ಉತ್ತರ:
"ಊಟಿ ನೋಡಿ ಆಯಿತಲ್ಲ."

ಲಿಲ್ಲಿ ಪೊಟ್ಟಣ ಕಟ್ಟಿಕೊಟ್ಟಿದ್ದಾಳೆ:
ಓಆರ್‌ಎಸ್, ಭೇದಿ ಮಾತ್ರೆ, ಸೊಳ್ಳೆ ಮುಲಾಮು,
ಬಿ.ಪಿ. ಗುಳಿಗೆ ಎರಡು ಪಾಲು, ಒಂದು ಬ್ಯಾಗಿಗೆ, ಒಂದು ಮೈಮೇಲೆ,
ಡಾಕ್ಟರ ಚೀಟಿಯ ಜೆರಾಕ್ಸು.
"ಐಸಿಗೆ ಕೈ ಚಾಚಿದರೆ ನಾನು ನಿಮ್ಮ ಜೊತೆಗಿಲ್ಲ."
ಅಲ್ಲಿ ಮಳೆ ಹೇಳಿ ಬರುವುದಿಲ್ಲವಂತೆ, ನಿಂತ ಮೇಲೂ ಸೆಖೆಯಂತೆ.
ಹಾಗಾಗಿ ಜರೀನಾ ಹೊಲಿದದ್ದು ತೆಳು ಹತ್ತಿ,
ಒಳಗೊಂದು ಜಿಪ್ಪಿನ ಗುಟ್ಟು ಜೇಬು,
ಮತ್ತು ನನಗೆ, ಐವತ್ತನಾಲ್ಕರಲ್ಲಿ, ಮೊದಲ ಪ್ಯಾಂಟು.
ಸ್ಟೇಡಿಯಮ್ಮಿನ ಕತ್ತಲಲ್ಲಿ ಐದು ಗಂಟೆಗೆ ಸುತ್ತು ಹಾಕಿ
ಎರಡು ಕಾಲು ಬೇರೆ ಬೇರೆ ಎಂದು ಅಭ್ಯಾಸ ಮಾಡಿದೆ.

ಒಂದು ಲೋಟ ಕಾಫಿ ಐವತ್ತು ಸಾವಿರ ಡಾಂಗು!
ಜರೀನಾ ಎದೆ ಹಿಡಿದು ಕೂತುಬಿಟ್ಟಳು.
ಲೆಕ್ಕ ನನ್ನ ಕಸುಬು. ಹೇಳಿಕೊಟ್ಟೆ:
ಮೂರು ಸೊನ್ನೆ ಬೆರಳಲ್ಲಿ ಮುಚ್ಚು,
ಉಳಿದದ್ದಕ್ಕೆ ಮೂರರ ಮಗ್ಗಿ, ಮೇಲೆ ಕೊಸರು.
"ಆದರೂ ಜಾಸ್ತಿಯೇ" ಅಂದಳು.

ಕಷ್ಟವಾದದ್ದು ಹೆಸರು.
ಪೋಸ್ಟಾಫೀಸಿನ ಪಾಸ್‌ಪೋರ್ಟ್ ಕೌಂಟರಿನ ಹುಡುಗಿ,
ಕಿವಿ ಕಾಣುವ ಫೋಟೊ ಸರಿ ಎಂದು,
ಪರದೆಯಿಂದ ಕಣ್ಣೆತ್ತದೆ ಕೇಳಿದಳು:
"ಕೆ. ಜಯಶೀಲಾ. ಕೆ ಅಂದರೆ? ಬಿಡಿಸಿ ಹೇಳಬೇಕು ಮೇಡಂ."
ಕಣಗಾಲಕೊಪ್ಪಲು.
"ಯಾವ ತಾಲ್ಲೂಕು? ಪಿನ್‌ಕೋಡು?"
ಇಲ್ಲ ಮರಿ. ಹೇಮಾವತಿ ನೀರೊಳಗೆ.

ಆಗ ಕಣ್ಣೆತ್ತಿದಳು.

ನನಗೆ ಎಂಟು. ಲಾರಿ ಬೆಳಗ್ಗೆಯೇ ಬಂದು ನಿಂತಿತ್ತು.
ಎಷ್ಟು ಕೆಜಿ ಎಂದು ಯಾರೂ ಹೇಳಲಿಲ್ಲ,
ಹೋಗುವ ಊರಿನ ಹವೆ ಹೇಗೆ ಎಂದೂ.
ಅವ್ವ ಬೀಸುವ ಕಲ್ಲು ಬಿಟ್ಟಳು. ಕೊಳಗ ತಂದಳು.
ಬೆಕ್ಕು ತಾನೇ ಇಳಿದು ಹೋಯಿತು.
ಅಪ್ಪ ಬಾಗಿಲಿಗೆ ಬೀಗ ಹಾಕಿ
ಕೀಲಿಯನ್ನು ಹುಷಾರಾಗಿ ಜೇಬಿಗೆ ಇಟ್ಟುಕೊಂಡ.

ಈಗ ಆ ಊರು ನೀಲಿ ಪುಸ್ತಕದಲ್ಲಿ,
ನನ್ನ ಮುಖದ ಪಕ್ಕದಲ್ಲಿ, ಇಂಗ್ಲಿಷಿನ ದೊಡ್ಡಕ್ಷರದಲ್ಲಿದೆ.
ವೀಸಾ ಬಂದದ್ದೂ ಅದರ ಹೆಸರಿಗೇ.
ಲಿಲ್ಲಿ ನಗುತ್ತಾಳೆ: ಏರ್‌ಪೋರ್ಟಿನ ಮೈಕಿನಲ್ಲಿ
"ಮಿಸ್ ಕಣಗಾಲಕೊಪ್ಪಲು" ಎಂದು ಕರೆಯುತ್ತಾರೆ, ತಡಮಾಡಬೇಡ.
ತಡಮಾಡಬೇಕು ಅನ್ನಿಸಿದೆ ನನಗೆ, ಒಂದೇ ಒಂದು ಸಲ.

ನಾಲ್ಕನೆಯ ದಿನ ದೋಣಿ.
ಫೋಟೊದಲ್ಲಿ ಗುಡ್ಡಗಳು ಸೊಂಟದವರೆಗೆ ನೀರಲ್ಲಿ ನಿಂತಿವೆ.
ಕೇಸರಿ ಜಾಕೆಟ್ ಕೊಡುತ್ತಾರಂತೆ, ಕಟ್ಟಿಕೊಳ್ಳಲೇಬೇಕಂತೆ.
ಈಜು ಬಾರದು ನನಗೆ.
ನನ್ನೂರಿಗೂ ಬರುತ್ತಿರಲಿಲ್ಲ.

ಸರಿ, ತೆಗೆಯುತ್ತೇನೆ.
ಎರಡನೆಯ ಚಪ್ಪಲಿ. ದಪ್ಪ ಟವೆಲ್ಲು, ಬೇಡ, ಪಂಚೆ ತುಂಡು ಸಾಕು.
ಕೊಬ್ಬರಿ ಎಣ್ಣೆ ಬಾಟಲಿ ಹೇಗೂ ಬಿಡುವುದಿಲ್ಲವಂತೆ.
ಚಟ್ನಿಪುಡಿ ಅರ್ಧ.
ಛತ್ರಿ ಇರಲಿ. ಛತ್ರಿ ಇರಲೇಬೇಕು.
ಅಪ್ಪನ ಕೀಲಿ ಯಾಕೆ ಹಾಕಿದ್ದೆ ಗೊತ್ತಿಲ್ಲ,
ತೆಗೆದು ಮೇಜಿನ ಮೇಲಿಟ್ಟೆ, ಮತ್ತೆ ಒಳಗೆ ಹಾಕಿದೆ.

ಏಳು ಕೆಜಿ ಐವತ್ತು ಗ್ರಾಂ.
ಸಿದ್ದಪ್ಪಾಜಿ ಬಗ್ಗಿ ಅಂಕಿ ನೋಡಿ
ಬ್ಯಾಗನ್ನು ಹೆಗಲಿಗೆ ಎಸೆದುಕೊಂಡ, ಮೂಟೆಯ ಹಾಗೆ:
"ಹಸಿ ಮಾಲಲ್ವಾ ಅಕ್ಕ,
ಬೆಂಗಳೂರು ಮುಟ್ಟೋ ಹೊತ್ತಿಗೆ ಒಣಗಿ ಸರಿಹೋಗ್ತದೆ."