ಎಡಗಡೆಯ ಕೋಣೆ

ಗೋಡೆಗೂ ಕಿವಿಯಿರುತ್ತೆ ಅಂತ ಗಾದೆ.
ಶೆಫೀಲ್ಡಿನಲ್ಲಿ, ಟ್ರ್ಯಾಮು ಏದುಸಿರು ಬಿಟ್ಟು ಹತ್ತುವ ಗುಡ್ಡದ ಮೇಲೆ,
ನಮ್ಮ ವಾರ್ಡಿನ ಆರನೇ ಕೋಣೆಯಲ್ಲಿ
ಅದು ಗಾದೆಯಲ್ಲ, ಬಿಲ್ಲು:
ಹನ್ನೊಂದು ಸೆನ್ಸರು, ನಾಲ್ಕು ಸ್ಪೀಕರು,
ಮಗ್ಗುಲು ಬದಲಿಸಿದರೂ ಬರೆದುಕೊಳ್ಳುವ ಹಾಸಿಗೆ.

ಅದರ ಮೇಲೆ ಡೋರೀನ್ ಹ್ಯಾಟರ್ಸ್ಲಿ. ಎಪ್ಪತ್ತೊಂದು.
ಹದಿನೈದಕ್ಕೇ ಚಮಚದ ಕಾರ್ಖಾನೆ ಸೇರಿ
ಹೊಟ್ಟೆಗೆ ಕಂದು ಕಾಗದ ಸುತ್ತಿಕೊಂಡು
ಮುಖ ಕಾಣುವವರೆಗೂ ಉಜ್ಜಿದವಳು, ದಿನಕ್ಕೆ ಇಷ್ಟು ಗ್ರೋಸು ಅಂತ.
ಮಾರ್ಚಿಯ ಒಂದು ಬೆಳಗ್ಗೆ
ಮಿದುಳಿನ ಬಲಬದಿಗೆ ರಕ್ತ ನಿಂತು
ಎಡ ಎಂಬುದೇ ಹೋಯಿತು.

ಬರೀ ಕೈಯಲ್ಲ. ದಿಕ್ಕೇ ಹೋಯಿತು.
ತಟ್ಟೆಯ ಬಲಕ್ಕಿದ್ದ ಆಲೂಗಡ್ಡೆ ತಿಂದು
"ಇಷ್ಟೇನಾ ಬಡಿಸೋದು?" ಎಂದು ರೇಗುತ್ತಾಳೆ.
ತಟ್ಟೆ ತಿರುಗಿಸುತ್ತೇನೆ:
ಬಟಾಣಿ ಹುಟ್ಟುತ್ತದೆ, ಗ್ರೇವಿ ಹುಟ್ಟುತ್ತದೆ.
ಗಡಿಯಾರ ಬರೆಯಿರಿ ಅಂದರೆ
ಹನ್ನೆರಡರಿಂದ ಆರರವರೆಗೆ ಬರೆದು ಪೆನ್ನಿಡುತ್ತಾಳೆ.
ಅವಳ ದಿನಕ್ಕೆ ಏಳು ಗಂಟೆ ಬರುವುದೇ ಇಲ್ಲ.

ಅದಕ್ಕೇ ಈ ಕೋಣೆ ಎಡದಿಂದ ಮಾತಾಡುತ್ತದೆ.
ದೀಪ ಎಡದಿಂದ ಹತ್ತುತ್ತದೆ, ಪರದೆ ಎಡದಿಂದ ಸರಿಯುತ್ತದೆ,
ಮಗಳು ಫೋನು ಮಾಡಿದರೆ
ದನಿ ಎಡಗೋಡೆಯಲ್ಲೇ ಏಳುತ್ತದೆ.
"ಪಕ್ಕದ ಮನೆಯವರು ನನ್ನ ಮಗಳನ್ನ ಇಟ್ಕೊಂಡಿದ್ದಾರೆ,"
ಅಂದಳು ಡೋರೀನ್ ಮೊದಲ ವಾರ.
ಕೋಣೆ ಅದನ್ನೂ ಬರೆದುಕೊಂಡಿತು.

ಹತ್ತು ಗಂಟೆಗೆ ತೋಳಿನ ಯಂತ್ರ.
ಮೊಣಕೈಗೆ ಪಟ್ಟಿ, ಬೆರಳಿಗೊಂದೊಂದು ತಂತಿ.
ಅವಳು ಎತ್ತಿದಷ್ಟು ಬಿಟ್ಟು
ಉಳಿದದ್ದನ್ನು ಮಾತ್ರ ಎತ್ತುತ್ತದೆ ಮೋಟರು.
ಇಷ್ಟು ಹದ ಬಲ್ಲ ಮನುಷ್ಯರನ್ನು
ನಾನು ಹೆಚ್ಚು ಕಂಡಿಲ್ಲ.
ನೂರ ಎಂಬತ್ತು ಸಲ. ಬೇಸರವಿಲ್ಲ, ಶಹಬ್ಬಾಸಿಲ್ಲ.
ಶಹಬ್ಬಾಸಿಗೆ ನನಗೆ ಸಂಬಳ.

ಇಲ್ಲಿ ಯಾರಿಗೂ ಹೇಳಿಲ್ಲ, ನಾನು ಎಡಚಿ.
ಅಂದರೆ, ಆಗಿದ್ದೆ.
ಗದಗಿನ ಒಂದನೇ ಇಯತ್ತೆಯಲ್ಲಿ
ಬಸಲಿಂಗಮ್ಮ ಅಕ್ಕೋರು ಪಾಟಿಯ ಕಟ್ಟಿನಿಂದ ಗೆಣ್ಣಿಗೆ ಬಾರಿಸಿ
ಬಳಪವನ್ನು ಆ ಕೈಯಿಂದ ಈ ಕೈಗೆ ದಾಟಿಸಿದರು.
ಭಾಷೆಯೂ ಅವರ ಕಡೆಗೇ ಇತ್ತು:
ಎಡವುವುದು ಎಡ, ಎಡವಟ್ಟು ಎಡ,
ಬಲ ಅಂದರೆ ಮಾತ್ರ ಬಲ.
ದೀಪಾವಳಿಯೊಳಗೆ ನನ್ನ ಎಡಗೈ ಮಾತು ಬಿಟ್ಟಿತು.

ಆರನೇ ವಾರದ ಗುರುವಾರ, ತೊಂಬತ್ತೇಳನೇ ಸಲ,
ಯಂತ್ರ ನಿಂತಿತು. ಕೆಂಪಕ್ಷರ: ತಪ್ಪು ಚಲನೆ.
ಹೆಬ್ಬೆರಳು, ಅಡ್ಡಡ್ಡ, ಒಂದೂವರೆ ಮಿಲಿಮೀಟರು.
ನನ್ನ ಕಣ್ಣಿಗಂತೂ ಕಾಣಲಿಲ್ಲ.
ಮತ್ತೆ ಶುರು. ಮತ್ತೆ ತಪ್ಪು. ಅದೇ ಜಾಗ, ಅದೇ ಅಳತೆ.
ರಾಥರಮ್‌ನಿಂದ ಇಂಜಿನಿಯರು ಕಮ್ರಾನ್ ಬಂದ,
ಬೂಟಿನ ಕೆಸರು ಒರೆಸದೆ ಕೂತು ಗ್ರಾಫು ನೋಡಿದ.
"ನಡುಕ ಅಲ್ಲ ಇದು. ಲಯ ಇದೆ.
ಇವರು ಏನು ಕೆಲಸ ಮಾಡ್ತಿದ್ರು?"

ಪ್ಯಾಂಟ್ರಿಗೆ ಓಡಿ ಚಮಚ ತಂದೆ.
ತಂತಿ ಬಿಚ್ಚದೆ ಎಡ ಅಂಗೈಯಲ್ಲಿಟ್ಟೆ.
ಅವಳು ನೋಡಲಿಲ್ಲ. ಬಲಗಡೆಯ ಕಿಟಕಿಯಲ್ಲಿ
ಯಾವುದೋ ಕ್ರೇನು ತಿರುಗುತ್ತಿತ್ತು.
ಹೆಬ್ಬೆರಳು ಮಾತ್ರ ಚಮಚದ ಬೆನ್ನ ಮೇಲೆ
ಒಮ್ಮೆ ಹೋಗಿ ಬಂತು.
"ಕಳಪೆ ಮಾಲು," ಅಂದಳು ಡೋರೀನ್, ಕಿಟಕಿಗೆ.
"ಅಂಚು ತೆಗೆದಿಲ್ಲ."
ಆಮೇಲೆ ಅಷ್ಟೇ. ಇಡೀ ಮಧ್ಯಾಹ್ನ ನಿದ್ದೆ ಮಾಡಿದಳು.

ಸಂಜೆ ವರದಿಯಲ್ಲಿ ಇನ್ನೂ ಆ ಶಬ್ದವಿತ್ತು: ತಪ್ಪು.
ಹೊಡೆದುಹಾಕಲು ಪೆನ್ನು ತೆಗೆದು
ಸ್ವಲ್ಪ ಹೊತ್ತು ಕೂತಿದ್ದು
ಎಡಗೈಗೆ ಕೊಟ್ಟೆ.
ಗೆರೆ ಸೊಟ್ಟಗೆ ಬಂತು.
ಬಂತು.