ಬಾಬಿನ್ ದಾರ

ಕೌಲ್ ಬಜಾರಿನ ಸಂದಿಯೊಂದರಲ್ಲಿ
ದಿನಕ್ಕೆ ತೊಂಬತ್ತು ಪ್ಯಾಂಟಿಗೆ ಜಿಪ್ ಕೂರಿಸುತ್ತೇನೆ.
ಬೇಕಾದಾಗ ಬಿಚ್ಚಿ ಬೇಕಾದಾಗ ಮುಚ್ಚಲು
ಹಿತ್ತಾಳೆಯ ಹಲ್ಲು, ಜರ್ರೆಂದು ಒಂದೇ ಎಳೆತ.
ಹೊಲಿಯುವವಳ ಕೆಳಗೆ ಮಾತ್ರ
ನಾಲ್ಕು ಮಡಿಕೆ ಜೀನ್ಸ್ ಚಿಂದಿ,
ನೀಲಿ ಕಪ್ಪಾದರೂ ಯಾರಿಗೂ ತಿಳಿಯದ ಹಾಗೆ.

ಮೂರನೆಯ ಹೆರಿಗೆಯಿಂದ ಶುರು.
ಕೆಮ್ಮಿದರೆ ಒಂದು ಹನಿ, ಬಂಡಲ್ ಎತ್ತಿದರೆ ಒಂದು ಚಮಚ,
ಮನೆಯ ಬೀಗಕ್ಕೆ ಕೀಲಿಕೈ ತಾಗಿದರೆ ಸಾಕು
ಕಾಲು ತೊಯ್ಯುತ್ತಿತ್ತು.
ಅತ್ತರು ಹೆಚ್ಚು ಹಾಕಿಕೊಂಡೆ.
ಒಂದು ನಮಾಜಿಗೆ ಎಷ್ಟು ಸಲ ವಜೂ ಮಾಡಲಿ?
ನಲವತ್ತೆರಡು ಡಿಗ್ರಿ ಬಿಸಿಲಲ್ಲಿ
ನೀರು ಕುಡಿಯುವುದನ್ನೇ ಬಿಟ್ಟೆ.
ಬರುವುದು ನಿಲ್ಲಲಿಲ್ಲ. ಉರಿ ಬಂತು, ಅಷ್ಟೇ.

ದೊಡ್ಡಾಸ್ಪತ್ರೆಯ ಲಿಡಿಯಾ ಮೇಡಂ
ಮೊದಲು ಕೈಗಿಟ್ಟದ್ದು ಗುಳಿಗೆ ಅಲ್ಲ,
ಒಂದು ನೋಟ್‌ಬುಕ್ಕು, ಗೆರೆ ಹಾಕಿದ ಪ್ಲಾಸ್ಟಿಕ್ ಲೋಟ.
'ಹೊನ್ನೂರಬೀ, ಮೂರು ದಿನ ಎಲ್ಲಾ ಬರಿ.
ಕುಡಿದದ್ದು, ಹೋದದ್ದು, ತಪ್ಪಿದ್ದು.'
ಬರೆದೆ. ಪೀಸಿನ ಲೆಕ್ಕ ಬರೆದು ರೂಢಿಯಿತ್ತು.
ಆರು ಗಂಟೆ: ಇನ್ನೂರು.
ಏಳೂವರೆ: ಚಹಾ.
ಎಂಟು: ಮತ್ತೆ ಚಹಾ, ನಾದಿನಿ ಬಂದಿದ್ದಳು.
ಎಂಟೂ ಹತ್ತು: ಮೆಟ್ಟಿಲ ಮೇಲೆ.
ಎಷ್ಟು ಎಂಬಲ್ಲಿ
'ನಾಚಿಕೆ ಆಗುವಷ್ಟು' ಎಂದು ಬರೆದಿದ್ದೆ.
ಮೇಡಂ ಅದಕ್ಕೂ ಟಿಕ್ ಹಾಕಿದರು.

ಆಮೇಲೆ ಪರದೆಯ ಹಿಂದಿನ ಮಂಚ,
ಒಳಗೆ ಬೆರಳುದ್ದದ್ದೊಂದು, ಅದರ ಬಾಲಕ್ಕೆ ತಂತಿ,
ಎದುರಿಗೆ ಕಂಪ್ಯೂಟರು.
ಹಸಿರು ಗೆರೆ ನೆಲಕ್ಕಂಟಿ ಮಲಗಿತ್ತು.
'ಮೇಲಕ್ಕೆ ಎಳಿ.'
ಏನನ್ನು?
ಹೊಟ್ಟೆ ಬಿಗಿದೆ. ತೊಡೆ ಒತ್ತಿದೆ. ಉಸಿರು ಹಿಡಿದೆ.
'ಅದಲ್ಲ. ಅದೂ ಅಲ್ಲ.'
ಅವರು ಕನ್ನಡದಲ್ಲಿ ಹೇಳಿದರು, ಆಯಾ ತೆಲುಗಿನಲ್ಲಿ,
ಮನೆಮಾತಲ್ಲಿ ನಾನೇ ಹುಡುಕಿದೆ.
ಬಳ್ಳಾರಿಯ ಮೂರು ಮಾತಿನಲ್ಲೂ
ಅಲ್ಲಿಗೆ ಬೈಗುಳವಿದೆ, ಹೆಸರಿಲ್ಲ.

ಆಗ ನೆನಪಾಯಿತು ಬಾಬಿನ್ನು.
ತಟ್ಟೆಯ ಕೆಳಗೆ ಕಾಣದೆ ಸುತ್ತುವ ದಾರ.
ಹೊಲಿಗೆ ಕೆಟ್ಟರೆ ಹೊಸಬರು
ಮೇಲಿನ ತಿರುಪನ್ನೇ ತಿರುವಿ ಸಾಯುತ್ತಾರೆ;
ಕೈ ಹಾಕಬೇಕಾದ್ದು ಕೆಳಗೆ,
ಎಳ್ಳಿನಷ್ಟು ಸ್ಕ್ರೂ, ಕಾಲು ಸುತ್ತು.
ಅಷ್ಟೇ ಎಳೆದೆ,
ಉಸಿರಿಗೂ ಗೊತ್ತಾಗದ ಹಾಗೆ.

ಗೆರೆ ಎದ್ದಿತು.
ಮೂರು ಮಕ್ಕಳು ಹಾದು ಬಂದ ದಾರಿಯನ್ನು
ನಾನು ಕಣ್ಣಿಂದ ಕಂಡದ್ದು ಅದೇ ಮೊದಲು:
ನಮ್ಮೂರ ಬೋಳು ಗುಡ್ಡ
ಒಂದು ಕ್ಷಣ ಹಸಿರಾದಂತೆ.

'ಈಗ ಬಿಡು' ಅಂದರು.
ಬಿಡುವುದು ಎಳೆಯುವುದಕ್ಕಿಂತ ಕಷ್ಟ.
ಏಳು ವರ್ಷ ಮೈಯೆಲ್ಲ ಬಿಗಿದುಕೊಂಡು ನಡೆದವಳಿಗೆ
ಯಾರೂ ಈ ಮಾತು ಹೇಳಿರಲಿಲ್ಲ.

ಅವಸರವಾದರೆ ಈಗ ಓಡುವುದಿಲ್ಲ.
ಅದಿರಿನ ಲಾರಿ ಬಂದರೆ ಅಂಚಿಗೆ ಸರಿದು ನಿಲ್ಲುತ್ತೇವಲ್ಲ,
ಹಾಗೆ ನಿಲ್ಲುತ್ತೇನೆ.
ಐದು ಸಲ ಚಕಚಕನೆ ಎಳೆದು ಬಿಡುತ್ತೇನೆ.
ಧೂಳೆಬ್ಬಿಸಿಕೊಂಡು ಅದು ಹಾದುಹೋಗುತ್ತದೆ.
ಆಮೇಲೆ ನಡೆಯುತ್ತೇನೆ.
ಗಂಟೆಗೊಮ್ಮೆ ಇದ್ದದ್ದು ಒಂದೂಕಾಲಾಯಿತು, ಒಂದೂವರೆಯಾಯಿತು.
ಪಾಯಖಾನೆಯ ಕೀಲಿಕೈ ಮಾಲೀಕನ ಮೇಜಿನ ಮೇಲೆ.
ಕೇಳುವಾಗ ದನಿ ತಗ್ಗಿಸುವುದಿಲ್ಲ.

ಪೂರ್ತಿ ನಿಂತಿಲ್ಲ.
ಹತ್ತಿಧೂಳಿಗೆ ಎರಡು ಸೀನು ಒಟ್ಟಿಗೆ ಬಂದರೆ
ಎರಡನೆಯದು ಗೆಲ್ಲುತ್ತದೆ.
ಚಿಂದಿ ನಾಲ್ಕು ಮಡಿಕೆಯಿಂದ ಒಂದಕ್ಕಿಳಿದಿದೆ.

ನಿನ್ನೆ ಎರ್ರೆಮ್ಮ
ಮಾಲೀಕನ ಭಾವಮೈದುನನ ಕತೆ ಹೇಳಿದಳು.
ಹನ್ನೆರಡು ಮಿಷಿನ್ನು ನಿಂತು ನಕ್ಕವು.
ನಾನು ಮೊದಲು ಕೆಳಗಿನ ದಾರ ಎಳೆದೆ,
ಆಮೇಲೆ ಬಾಯಿ ತೆರೆದೆ.
'ಹೊನ್ನೂರಬೀಗೆ ಜೋಕು ಯಾವಾಗಲೂ ತಡವಾಗಿ ತಿಳೀತದೆ' ಅಂದರು.

ಹೂಂ ಅಂದೆ,
ಇನ್ನೂ ನಗುತ್ತಲೇ
ಕೊಡದಿಂದ ಇನ್ನೊಂದು ಲೋಟ ನೀರು ಬಗ್ಗಿಸಿಕೊಂಡೆ.