ಕೊಸರು

ತದಡಿ ದಕ್ಕೆಯಲ್ಲಿ ಬಾರ್ಜಿನ ಟಿಕೆಟು ಹರಿಯುವವ ನಾನು.
ಇಳಿತ ಹೆಚ್ಚಾದರೆ ಬಾರ್ಜು ಕೆಸರಿಗೆ ಕೂತುಬಿಡುತ್ತದೆ.
ನೀರು ಬರುವ ತನಕ ಎಲ್ಲರೂ ಕಾಯಬೇಕು,
ಎಮ್ಮೆಯಾದರೂ, ತಹಸೀಲ್ದಾರರಾದರೂ.

ಅಂಥ ಒಂದು ಮಧ್ಯಾಹ್ನ ಬಂದವನು ಎಲಾಜರ್.
ನರೆತ ಗಡ್ಡ, ಹೊಸ ಚಪ್ಪಲಿ ಕಚ್ಚಿದ ಕಾಲು.
ಸೈನ್ಯ ಬಿಟ್ಟ ಮಗ ಒಂದು ಚಳಿಗಾಲ
ಕುಡ್ಲೆ ದಂಡೆಯಲ್ಲಿದ್ದನಂತೆ.
ಈಗೆಲ್ಲಿ ಅಂತ ನಾನು ಕೇಳಲಿಲ್ಲ,
ಅವನು ನದಿ ನೋಡುತ್ತಿದ್ದ ರೀತಿಗೆ.

"ನೀರು ಎಲ್ಲಿ ಹೋಯಿತು?"
ಹಿಂದೆ ಸರಿಯಿತು, ಅಂದೆ.
ಗಪ್ಪನೆ ನನ್ನ ತೋಳು ಹಿಡಿದ:
"ನಮ್ಮ ಹಿರಿಯರೂ ಅದನ್ನೇ ಅಂದರು.
ಕೊನೆಯಿಲ್ಲದ್ದು ಎಲ್ಲ ಕಡೆ ತುಂಬಿತ್ತು,
ಲೋಕಕ್ಕೆ ಕಾಲೂರಲು ಜಾಗವಿರಲಿಲ್ಲ.
ಅದು ತಾನೇ ತುಸು ಹಿಂದೆ ಸರಿಯಿತು."

ಸೊಂಟಮಟ್ಟ ನೀರಲ್ಲಿ ಬುದವಂತಿ ಬಳಚು ಹೆಕ್ಕುತ್ತಿದ್ದಳು.
ಹತ್ತು ಬೇಕು ಅಂದ. ಅವಳು ಎಣಿಸಿ ಇಟ್ಟಳು:
ಲಾಭ, ಎರಡು, ಮೂರು, ನಾಲ್ಕು, ಐದು,
ಆರು, ಮತ್ತೊಂದು, ಎಂಟು, ಒಂಬತ್ತು, ಹತ್ತು.
"ಇದು ಕೊಸರು" ಅಂತ ಇನ್ನೊಂದು.

ಒಂದು ಅನ್ನಲಿಲ್ಲ ಯಾಕೆ?
"ಒಂದು ಅಂದ್ರೆ ಅಲ್ಲಿಗೇ ನಿಲ್ತದೆ."
ಏಳು?
"ಏಳು ಅಂದ್ರೆ ಎದ್ದು ಹೋಗು ಅಂದ ಹಾಗೆ.
ನಮಗೆ ಒಮ್ಮೆ ಅಂದಾಗಿದೆ."
ಅವಳ ತವರು ಈಗ ನೌಕಾನೆಲೆಯ ಬೇಲಿಯೊಳಗೆ.
ನನ್ನ ಹರುಕು ಇಂಗ್ಲಿಷು, ಅವನ ಹರುಕು ಇಂಗ್ಲಿಷು,
ಏನು ದಾಟಿತೋ, ಏನು ಸೋರಿತೋ.

ಮೇಲೊಂದು ಚಿಪ್ಪು: "ಕಿರೀಟ. ಇದರ ಮಾತು ಬೇಡ."
ಬಲಕ್ಕೆ ಮೂರು, ಎಡಕ್ಕೆ ಮೂರು, ನಡುವೆ ಉಳಿದದ್ದು.
ತೆಂಗಿನ ಕಡ್ಡಿಯಿಂದ ಕೆಸರಲ್ಲಿ ಗೆರೆ,
ಇಪ್ಪತ್ತೆರಡು, ಅಕ್ಷರಕ್ಕೊಂದು.
"ನಿಮ್ಮಲ್ಲಿ ಎಷ್ಟು ಅಕ್ಷರ?"
ನಲವತ್ತೊಂಬತ್ತು.
"ಅಬ್ಬಾ, ಎಂಥ ದೊಡ್ಡ ಮರ!"

ಮರದ ಬೇರು ಮೇಲಿದೆ ಅಂದಾಗ
ಬುದವಂತಿ ಗಲ್ಲ ಎತ್ತಿ ಕಾಂಡ್ಲ ತೋರಿಸಿದಳು.
ಕೆಸರಿಂದ ಬೆರಳು ಬೆರಳಾಗಿ ಎದ್ದ ಬೇರು.
"ಉಸಿರು ಬೇಕಾದ್ರೆ ಬೇರೂ ಮೇಲೆ ಬರ್ತದೆ."

"ಬಲಗಡೆ ಕರುಣೆ, ಎಡಗಡೆ ಕಟ್ಟು.
ಕರುಣೆಯೊಂದೇ ಆದರೆ ಲೋಕ ಮುಳುಗುತ್ತದೆ."
"ಗೊತ್ತು" ಅಂದಳು. ಗಜನಿಗೆ ಜಂತ್ರಡಿ ಉಂಟಲ್ಲ,
ಹಲಗೆ ಎತ್ತಿಯೇ ಇಟ್ಟರೆ ಕಗ್ಗ ಕೊಳೆಯುತ್ತದೆ,
ಹಾಕಿಯೇ ಇಟ್ಟರೆ ಸೀಗಡಿ ಬರುವುದಿಲ್ಲ.
ಅವಳಪ್ಪ ರಾತ್ರಿಯೆಲ್ಲ ಹಲಗೆ ಕಾಯುತ್ತಿದ್ದ,
ಭರತಿಗೊಮ್ಮೆ ಇಳಿತಕ್ಕೊಮ್ಮೆ ಏಳುತ್ತ.
ಎಲಾಜರ್ ನಡುಗೆರೆಯ ಮೇಲೆ ಬೆರಳಿಟ್ಟ:
"ನಿಮ್ಮಪ್ಪ ಇಲ್ಲಿದ್ದ."

ಮೊದಲು ಬೆಳಕು ಪಾತ್ರೆಗಳಲ್ಲಿ ತುಂಬಿತ್ತಂತೆ,
ತಾಳಲಾರದೆ ಒಡೆದವಂತೆ.
ಚೂರುಗಳು ಬಿದ್ದದ್ದು ಇಲ್ಲೇ, ಈ ಕೆಸರಲ್ಲೇ.
ಹೆಕ್ಕುವುದೇ ಮನುಷ್ಯರ ಕೆಲಸವಂತೆ.
"ಬೆನ್ನು ನೋಯ್ತದೆ ಅಂತ ಹೇಳು ಅವನಿಗೆ."
ಹೇಳಿದೆ. ಅವನು ನಗಲಿಲ್ಲ.

ಕಟ್ಟಕಡೆಯ ಚಿಪ್ಪನ್ನು ತುಂಬ ಹೊತ್ತು ಹಿಡಿದಿದ್ದ.
"ಇವಳು ಹೆಣ್ಣು. ಸ್ವಂತದ್ದು ಏನೂ ಇಲ್ಲ,
ಮೇಲಿನದೆಲ್ಲ ಹರಿದು ಇವಳಿಗೇ ಬರಬೇಕು.
ಕಡಲು ಅಂತಲೂ ಕರೆಯುತ್ತೇವೆ.
ಊರು ಕಳಕೊಂಡವರ ಜೊತೆ ತಾನೂ ಹೊರಟುಬಿಡುತ್ತಾಳೆ."
ಇದನ್ನು ಕನ್ನಡಕ್ಕೆ ತರುವಾಗ ನನ್ನ ದನಿ ಸಣ್ಣಗಾಯಿತು.
ಬುದವಂತಿ ಸೆರಗು ಹಿಂಡಿದಳು,
ಮತ್ತೆ ಹಿಂಡಿದಳು.

ಮರದ ಎದೆಯ ಮೇಲೆ ಒಂದು ಜಾಗ ಖಾಲಿಯಿತ್ತು.
"ಅಲ್ಲೊಂದು ಇದೆ, ಎಣಿಸುವಂತಿಲ್ಲ."
ಆಟಕ್ಕುಂಟು ಲೆಕ್ಕಕ್ಕಿಲ್ಲ, ಅಂದೆ ನಾನು ಕನ್ನಡದಲ್ಲಿ,
ಇಂಗ್ಲಿಷಲ್ಲಿ ಅದು ಬರಲಿಲ್ಲ.
ಅವಳು ಕೊಸರನ್ನೆತ್ತಿ ಅಲ್ಲಿಟ್ಟಳು.

ದುಡ್ಡು ಕೊಟ್ಟ. ಚೀಲಕ್ಕೆ ಹಾಕಹೋದರೆ ತಡೆದ,
ಇದನ್ನು ತಿನ್ನುವಂತಿಲ್ಲ ಅವರು, ಶಾಸ್ತ್ರದಲ್ಲಿಲ್ಲ.
"ತಿನ್ನದವನಿಗೆ ಎಂತಕ್ಕೆ?"
ಕೇಳಿದವಳು ತಾನೇ ಹನ್ನೊಂದನ್ನೂ ಬಾಚಿ
ನೀರಿಗೆ ಬಿಟ್ಟಳು, ಎಲ್ಲ ಜೀವಂತವಿದ್ದವು.
ಬಾಯಿ ಮುಚ್ಚಿಕೊಂಡೇ ಕೆಸರಿಗಿಳಿದವು,
ಯಾವುದು ಕಿರೀಟ, ಯಾವುದು ಕಡಲು.

ಬಾರ್ಜು ಅಲುಗಿತು.
ಟಿಕೆಟು ಹರಿಯುತ್ತ ಎಣಿಸಿದೆ,
ಎಲಾಜರನದು ಮೊದಲು:
ಲಾಭ.